ಸರೋಜಕ್ಕನ ಗಿಡ

ಸರೋಜಕ್ಕ, ನೀವು ಗಿರಿಜಕ್ಕನಿಗೆ ಕೊಟ್ಟದ್ದು ವಿಷದ ಗಿಡವಲ್ಲ. ವಿಷ ಎಂದವಳು ನಾನು — ಗೊತ್ತಿದ್ದೇ ಹೇಳಿದ ಸುಳ್ಳು. ವರ್ಷಗಳೇ ಕಳೆದವು, ಆ ಸುಳ್ಳಿಗೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಇರುವುದು ಬೇರೆಯದಕ್ಕೆ.

ಬೈಂದೂರಿನ ನನ್ನ ಸಣ್ಣ ನರ್ಸರಿ ನಿಮಗೆ ಗೊತ್ತು. ಹಿತ್ತಿಲಲ್ಲಿ ತಾನಾಗಿ ಎದ್ದದ್ದು, ಯಾರದೋ ಮನೆಯಿಂದ ಮುರಿದು ತಂದದ್ದು — ಗುರುತು ಸಿಗದ್ದನ್ನೆಲ್ಲ ಜನ ನನ್ನ ಮುಂದೆ ಹಿಡಿಯುತ್ತಾರೆ. ನಮ್ಮಲ್ಲಿ ಹೆಂಗಸರು ಹೆಸರು ಕೇಳಿ ಗಿಡ ತರುವುದಿಲ್ಲವಲ್ಲ. ಕೊಟ್ಟವರ ಹೆಸರೇ ಗಿಡಕ್ಕೂ. ನೀವು ಸಿದ್ದಾಪುರದಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದು, ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಓರಗಿತ್ತಿ ಗಿರಿಜಕ್ಕನಿಗೆ ಕೊಟ್ಟದ್ದು ಅವರ ಅಂಗಳದಲ್ಲಿ 'ಸರೋಜಕ್ಕನ ಗಿಡ'ವೇ ಆಗಿತ್ತು.

ಒಂದು ದಿನ ಗಿರಿಜಕ್ಕ ಅದರ ಒಂದು ಗೆಲ್ಲು ಮುರಿದು ಹಿಡಿದು ಬಂದರು. ಕಾಂಡವನ್ನು ಸುತ್ತಿಕೊಂಡು ಏರುವ ಎಲೆ, ಬಾಯಿಗಿಟ್ಟರೆ ಹುಳಿ — ಇನ್ಸುಲಿನ್ ಗಿಡ, ಅನುಮಾನವೇ ಇರಲಿಲ್ಲ. ಅಷ್ಟರಲ್ಲಿ ಅವರೇ ಅಂದರು: "ಇದೇ ಹೌದಾ ಕಂಡ್ ಹೇಳ್ ಮಾರಾಯ್ತಿ. ದಿನಾ ತಿಂತಿದ್ದೆ. ಗುಳಿಗಿ ಬಿಟ್ಟೆ."

ಅವರ ಕಾಲಿನ ಗಾಯ ನೋಡಿದೆ. ಬಟ್ಟೆ ಸುತ್ತಿದ್ದರೂ ವಾಸನೆ ಬರುತ್ತಿತ್ತು. ಗುಳಿಗೆ ಬಿಡಬೇಡಿ ಎಂದು ಡಾಕ್ಟರು, ಮಗ ಎಲ್ಲರೂ ಹೇಳಿ ಸೋತಿದ್ದರು. ನಾನು ಹೇಳಿದರೆ ಕೇಳುವರೇ? ಆದರೆ ಗಿಡದ ವಿಷಯದಲ್ಲಿ ನನ್ನ ಮಾತನ್ನು ತಳ್ಳಿಹಾಕುವವರಲ್ಲ —

"ಇದ್ ಅದಲ್ಲ ಗಿರಿಜಕ್ಕ. ಅದ್ರ ಹಾಂಗೇ ಇಪ್ಪ ವಿಷದ ಗಿಡ. ಗಾಯ ಮಾಯ್ದೆ ಇಪ್ದೂ ಇದ್ರಿಂದ್ಲೇ. ಕಿತ್ತ್ ಬಿಸಾಡಿ."

ಕಿತ್ತರು. ಗುಳಿಗೆ ಮತ್ತೆ ಶುರುವಾಯಿತು, ಗಾಯ ಮಾಯಿತು, ಕಾಲು ಉಳಿಯಿತು. ಇಷ್ಟಕ್ಕೆ ನಾನು ಯಾರ ಮುಂದೆಯೂ ತಲೆ ತಗ್ಗಿಸುವುದಿಲ್ಲ.

ಆದರೆ ಹೊರಟವರು ತಿರುಗಿ ನಿಂತು ಕೇಳಿದ್ದರು: "ಹಂಗಾರೆ ಸರೋಜಕ್ಕ ಗೊತ್ತಿದ್ದೇ ಕೊಟ್ಟದ್ದಾ?"

ನಾನು ಪೈಪು ಹಿಡಿದು ಕುಂಡಗಳಿಗೆ ನೀರು ಬಿಡುತ್ತಾ ನಿಂತೆ. ಇಲ್ಲ ಎನ್ನಲು ಎಷ್ಟು ಹೊತ್ತು ಬೇಕಿತ್ತು? ಮನೆ ಪಾಲಾದಾಗಿನಿಂದ ನಿಮ್ಮಿಬ್ಬರ ನಡುವೆ ಒಂದು ಕಸಿವಿಸಿ ಇದ್ದೇ ಇತ್ತು. ನನ್ನ ಮೌನ ಅದಕ್ಕೆ ಸಾಕಾಯಿತು. ಗಿಡದ ಹೆಸರು ನಿಮ್ಮದಾಗಿತ್ತಲ್ಲ, ವಿಷವೂ ನಿಮ್ಮದೇ ಆಯಿತು. ಅವರ ಮಗನ ಮದುವೆಗೆ ನಿಮ್ಮನ್ನು ಕರೆಯಲಿಲ್ಲ. ನೀವು ನನ್ನ ನರ್ಸರಿಗೇ ಬಂದು, ನಾನು ಮಾಡಿದ ತಪ್ಪಾದರೂ ಏನು ಎಂದು ಕೇಳಿ ಅತ್ತಿರಿ. ನಾನು ಒಂದು ದಾಸವಾಳದ ಗಿಡ ಕೈಗಿಟ್ಟು ಕಳಿಸಿದೆ. ನಾಚಿಕೆಗೆಟ್ಟವಳು.

ನಿಜ ತಿಳಿದರೆ ಅವರು ಮತ್ತೆ ಗುಳಿಗೆ ಬಿಟ್ಟಾರು ಎಂದು ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ. ಗಿಡ ಬಲ್ಲವಳೆಂಬ ಮರ್ಯಾದೆ ಹೋದೀತೆಂಬ ಹೆದರಿಕೆ —

ನಾಳೆ ಗಿರಿಜಕ್ಕನ ಮನೆಗೆ ಹೋಗಿ ಎಲ್ಲ ಹೇಳುತ್ತೇನೆ. ಬಯ್ಯಲಿ, ಇನ್ನು ಮೇಲೆ ನನ್ನ ಮಾತು ನಂಬದಿದ್ದರೂ ಸರಿ. ಅವರು ಮತ್ತೆ ಗುಳಿಗೆ ಬಿಟ್ಟರೆ ಮತ್ತೆ ಸುಳ್ಳು ಹೇಳಲು ನಾನು ಹಿಂಜರಿಯುವವಳಲ್ಲ, ಸರೋಜಕ್ಕ. ಆದರೆ ಆಗ, ವಿಷ ಕೊಟ್ಟವಳು ನೀವಲ್ಲ, ನಾನೇ ಎನ್ನುತ್ತೇನೆ.