ಮೆಟ್ಟಿಲಿಗೊಂದು ಎಡ್ಜ್ ಟ್ರಿಮ್

'ಕ್ರೀಂ...' ಎಂದು ಟೈಲ್ಸ್ ಕತ್ತರಿಸುವ ಮೆಷಿನ್ ಕಿರುಚಿದರೆ ಹಲಸಿನ ಮರದ ಕಾಗೆಗಳೆಲ್ಲ ಒಟ್ಟಿಗೆ ಏಳುತ್ತಿದ್ದವು. ಹತ್ತು ಹನ್ನೊಂದು ವರ್ಷಗಳ ಹಿಂದೆ ಕುಂಬಳೆಯ ನಮ್ಮ ಓಣಿಯಲ್ಲಿ ದಿನವಿಡೀ ಇದೇ ಮ್ಯೂಸಿಕ್. ಯಾರಾದರೂ ಗಲ್ಫಿನಿಂದ ರಜೆಗೆ ಬಂದರೆಂದರೆ ಆ ಮನೆಯ ಸಿಮೆಂಟ್ ನೆಲ ಹೋಯಿತೆಂದೇ ಅರ್ಥ. ನಾನೊಬ್ಬಳೇ ಯಾಕೆ ಹಿಂದೆ ಬೀಳಬೇಕು?

ನಮ್ಮ ಸಿಟ್‌ಔಟ್‌ನಿಂದ ಅಂಗಳಕ್ಕೆ ಮೂರು ಮೆಟ್ಟಿಲು. ಮನೆಯಲ್ಲಿದ್ದದ್ದು ನಾನು ಮತ್ತು ಅಕ್ಕ, ಇಬ್ಬರೂ ರಿಟೈರ್ಡ್ ಟೀಚರುಗಳು. ಗ್ಲಾಕೋಮಾದಿಂದ ಅಕ್ಕನ ಕಣ್ಣು ಹೆಚ್ಚುಕಡಿಮೆ ಹೋಗಿತ್ತು. ಆದರೂ ದಿನಾ ಸಂಜೆ ಗೇಟಿನವರೆಗೆ ಒಬ್ಬಳೇ ನಡೆಯಬೇಕು, ಅದು ಅವಳ ಹಠ. ಕೈ ಹಿಡಿಯಲು ಹೋದರೆ, "ನಾನೆಂತ ಪಾರ್ಸೆಲ್ಲಾ?" ಎನ್ನುತ್ತಿದ್ದಳು. (ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಆ ನೆಟ್ಟಗಿನ ಪೋಸ್ಚರನ್ನೂ ಬಿಟ್ಟವಳಲ್ಲ.)

ಟೈಲ್ಸ್ ಆರಿಸಿದ್ದಾಯಿತು. ಆಮೇಲೆ ಅಂಗಡಿಯವರು ಕೌಂಟರಿನ ಮೇಲೆ ಒಂದು ರಾಶಿ ಪಟ್ಟಿಗಳನ್ನು ಹರಡಿದರು. ಎಡ್ಜ್ ಟ್ರಿಮ್ ಅಂತೆ, ಮೆಟ್ಟಿಲ ತುದಿಯಲ್ಲಿ ಟೈಲ್ಸ್ ಒಡೆಯದ ಹಾಗೆ ಕೂರಿಸುವುದು. ಚೌಕದ್ದು, ಗೀರುಗಳಿರುವುದು, ದುಂಡಗಿನದು. ಆ ದುಂಡಗಿನದು ಚಿನ್ನದ ಬಣ್ಣದ್ದು, ಸವರಿದರೆ ಬೆಣ್ಣೆ.

"ಈಗ ಎಲ್ಲ ಕಡೆ ಇದೇ ಹೋಗುವುದು ಟೀಚರೇ" ಎಂದರು. ಎಲಿಗೆಂಟ್ ಅನಿಸಿತು. ತೆಗೆದುಕೊಂಡೆ.

ಟೈಲ್ಸ್ ಕೆಲಸಕ್ಕೆ ಬಂದವನು ನೆಕ್ರಾಜೆಯ ಹಮೀದ್, ಅಕ್ಕನ ಹಳೆಯ ಸ್ಟೂಡೆಂಟ್. ಮೊದಲ ದಿನ ಮೇಲಿನ ಮೆಟ್ಟಿಲು ಮುಗಿಸಿ ಹೋದ.

ಮರುದಿನ ಬೆಳಿಗ್ಗೆ ಅಕ್ಕ ಬಂದು ಎಂದಿನಂತೆ ಕಾಲ್ಬೆರಳನ್ನು ಮುಂದೆ ಸರಿಸಿದಳು. ಹಳೆಯ ಸಿಮೆಂಟ್ ಮೆಟ್ಟಿಲು ಹಸಿಯಿರುವಾಗಲೇ ಮೇಸ್ತ್ರಿ ತುದಿಗೆ ಹಗ್ಗ ಒತ್ತಿ ಗೆರೆ ಮಾಡಿದ್ದ, ಜಾರಬಾರದೆಂದು. ಅಕ್ಕನ ಬರಿಗಾಲು ಅಷ್ಟು ದಿನ ಓದುತ್ತಿದ್ದದ್ದು ಆ ಗೆರೆಗಳನ್ನು. ಒಂದೇ ಮನೆಯಲ್ಲಿದ್ದೂ ನಾನು ನೋಡಿದ್ದೇನು?

ಬೆರಳು ದುಂಡಗಿನ ಅಂಚಿನ ಮೇಲೆ ಜಾರಿತು. ಅವಳು ಕಂಬ ಹಿಡಿದುಕೊಂಡಳು. ಹಾಗೇ ಹಿಂದೆ ತಿರುಗಿ ಒಳಗೆ ಹೋದಳು. ಆ ಸಂಜೆ ಗೇಟಿಗೆ ಬರಲಿಲ್ಲ.

ಅಂಗಳದಲ್ಲಿ ಸಿಮೆಂಟ್ ಕಲಸುತ್ತಿದ್ದ ಹಮೀದ್ ಬೆಳಿಗ್ಗೆಯೇ ಇದನ್ನು ನೋಡಿದ್ದ. ಸಂಜೆ ಅವಳು ಬಾರದ್ದನ್ನು ಕಂಡು ಹವಾಯಿ ಚಪ್ಪಲಿ ಬಿಟ್ಟು ಮೇಲೆ ಹತ್ತಿದ, ತಲೆಗೆ ಸುತ್ತಿದ್ದ ಬೈರಾಸನ್ನು ಬಿಚ್ಚಿ ಕಣ್ಣಿಗೆ ಕಟ್ಟಿಕೊಂಡು ಇಳಿಯಲು ಹೊರಟ. ಅಂಚಿಗೆ ಬಂದದ್ದೇ ಮುಗ್ಗರಿಸಿದ.

"ಇದು ಆಗ್ಲಿಕ್ಕಿಲ್ಲ ಟೀಚರೇ. ಇದು ಕಾಲಿಗೆ ಎಂತದೂ ಹೇಳುವುದಿಲ್ಲ."

"ಚಂದ ಉಂಟಲ್ಲ ಮಾರಾಯ."

"ಚಂದ ನಿಮ್ಮ ಕಣ್ಣಿಗೆ. ನಡೆಯುವುದು ದೊಡ್ಡ ಟೀಚರು."

ನಾನು ಬಗ್ಗಿ ಚಿನ್ನದ ಅಂಚನ್ನು ಸೆರಗಿನಿಂದ ಒರೆಸಿದೆ. (ಸ್ಟೂಡೆಂಟ್ ಎದುರು ತಪ್ಪು ಒಪ್ಪಿಕೊಳ್ಳುವುದು ಟೀಚರಿಗೆ ಅಷ್ಟು ಸುಲಭವೇ?) ಅವನು ಆ ಪಟ್ಟಿಯನ್ನು ಮೆಲ್ಲ ಮೆಲ್ಲನೆ ಕೆತ್ತಿ ತೆಗೆದ. ಎರಡು ಟೈಲ್ಸ್ ಒಡೆದವು. ಅಂಗಡಿಗೆ ಅವನೇ ಹೋಗಿ ಗೀರುಗಳಿದ್ದ ಬೂದು ಬಣ್ಣದ್ದನ್ನು ತಂದ.

"ಬ್ಯಾಂಕಿನ ಮೆಟ್ಟಿಲಿನ ಹಾಗೆ ಕಾಣ್ತದೆ" ಎಂದು ಗೊಣಗಿದೆ.

"ಇರ್ಲಿ ಬಿಡು" ಎಂದಳು ಅಕ್ಕ ಒಳಗಿನಿಂದ, "ಮ್ಯಾನೇಜರ್ ನಾನಾಗ್ತೇನೆ."

ಕೆಲಸ ಮುಗಿದು ಸಿಮೆಂಟ್ ಹಿಡಿದ ಮೇಲೆ ಒಂದು ಸಂಜೆ ಅವಳು ಹೊರಗೆ ಬಂದಳು. ಬೆರಳು ಗೀರಿನ ಮೇಲೆ ನಿಂತಿತು, ಸ್ವಲ್ಪ ಹೊತ್ತು ಆಚೀಚೆ ತಡವಿತು. ಮತ್ತೆ ಒಂದು, ಎರಡು, ಮೂರು. ಪಾಠ ಒಪ್ಪಿಸಿದ ಹಾಗೆ ಇಳಿದಳು.

ಮೊನ್ನೆ ಬಾತ್‌ರೂಮ್ ರಿಪೇರಿಗೆಂದು ಮತ್ತೆ ಟೈಲ್ಸ್ ಅಂಗಡಿಗೆ ಹೋಗಿದ್ದೆ. ಟ್ರಿಮ್‌ಗಳಿಗೇ ಈಗ ಒಂದು ಇಡೀ ಗೋಡೆ. ರೋಸ್ ಗೋಲ್ಡ್, ಮ್ಯಾಟ್ ಬ್ಲ್ಯಾಕ್, ಇನ್ನೂ ಏನೇನೋ. "ಯಾವ ಫಿನಿಶ್ ಬೇಕು ಆಂಟಿ?" ಎಂದು ಸೇಲ್ಸ್ ಹುಡುಗಿ ಕೇಳಿದಳು. ಯಾರ ಕಾಲಿಗೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಅಕ್ಕ ಆ ಮೆಟ್ಟಿಲುಗಳನ್ನು ಐದು ವರ್ಷ ಇಳಿದಳು, ಯಾರ ಕೈಯನ್ನೂ ಹಿಡಿಯದೆ. ನಾನು ಅವಳನ್ನು ಕೊನೆಯ ಸಲ ನೋಡಿದ್ದು ಕಣ್ಣೂರಿನ ಒಂದು ಮದುವೆಗೆ ಹೊರಟ ಬೆಳಿಗ್ಗೆ. ಎರಡು ದಿನ ಬಿಟ್ಟು ಮರಳುವಷ್ಟರಲ್ಲಿ ಹೋಗಿಬಿಟ್ಟಿದ್ದಳು. ಹೊರಟ ಆ ಬೆಳಿಗ್ಗೆ ನಾನು ಮರೆತ ಕೊಡೆಯನ್ನು ಹಿಡಿದುಕೊಂಡು ಒಬ್ಬಳೇ ಇಳಿದು ಗೇಟಿನವರೆಗೆ ಬಂದಳು, ನಾನಿದ್ದಲ್ಲಿಂದ ಒಂದು ಗೇಣು ಆಚೆಗೆ ಚಾಚಿದಳು. ಆಟೋ ಹತ್ತುವ ಗಡಿಬಿಡಿಯಲ್ಲಿ ನಾನು ಥ್ಯಾಂಕ್ಸ್ ಹೇಳಿದೆನೇ?