ದನಿ ತೆಗೆದ ಚಿತ್ರ

ಹೆಂಗಸರು ತಮ್ಮ ಫೋನಿನಲ್ಲೇ ತೆಗೆದ ಕಿರುಚಿತ್ರಗಳನ್ನು ವರ್ಷಕ್ಕೊಮ್ಮೆ ಒಂದೆಡೆ ಸೇರಿಸಿ ತೋರಿಸುವ ಕೆಲಸವನ್ನು ಯಾರೂ ಅವಳಿಗೆ ವಹಿಸಿರಲಿಲ್ಲ. ಅವಳೇ ಮೈಮೇಲೆ ಹಾಕಿಕೊಂಡದ್ದು. ಬಿಳಿ ಬಟ್ಟೆಯ ದೊಡ್ಡ ಪರದೆಯನ್ನು ತಾನೇ ಹೊಲಿದು, ತಾನೇ ಇಸ್ತ್ರಿ ಮಾಡಿ, ಸ್ಟೂಲು ಹತ್ತಿ ತಾನೇ ಕಟ್ಟುತ್ತಿದ್ದಳು. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಪರದೆಯಕ್ಕನಾದಳು. ಬಸ್ ಕಂಡಕ್ಟರಮ್ಮ, ಆಸ್ಪತ್ರೆಯ ನರ್ಸಮ್ಮ, ಸೊಸೆಯ ಮೇಲೆ ಸಿಟ್ಟಾಗಿ ಅವಳ ಫೋನ್ ಕಿತ್ತುಕೊಂಡು ಅದರಲ್ಲೇ ಚಿತ್ರ ತೆಗೆದ ಒಬ್ಬ ಅತ್ತೆ, ಹೀಗೆ ಬಂದವರಿಗೆಲ್ಲ ಅವಳು ಹೇಳುತ್ತಿದ್ದದ್ದು ಒಂದೇ ಮಾತು: “ಇದ್ದದ್ದನ್ನ ಇದ್ದ ಹಾಗೆ ತೋರಿಸಿ. ಯಾರೇನಂದ್ಕೋತಾರೆ ಅನ್ನೋದು ಆಮೇಲಿನ ಮಾತು.”

ಹೊಟ್ಟೆಪಾಡು ಮಾತ್ರ ಬೇರೆ. ಗಂಡನ ಅಣ್ಣನ ಫೋಟೋ ಸ್ಟುಡಿಯೋದಲ್ಲಿ ಮದುವೆ ವಿಡಿಯೋಗಳನ್ನು ಕತ್ತರಿಸಿ ಜೋಡಿಸುವುದು. ಗಂಡ ಕ್ಯಾಮೆರಾ ಹೊತ್ತು ಮದುವೆಯಿಂದ ಮದುವೆಗೆ ಓಡುತ್ತಿದ್ದ. ಮನೆಯಲ್ಲಿದ್ದಾಗಲೂ ನೆಂಟನ ಹಾಗಿರುತ್ತಿದ್ದ. ಅಂಗಡಿಯ ಹಿಂದಿನ ಎಡಿಟಿಂಗ್ ಕೋಣೆಗೆ ಒಂದು ಕಿಟಕಿಯಿತ್ತು. ಬೆಳಕು ಬಿದ್ದರೆ ಬಣ್ಣ ತಿಳಿಯುವುದಿಲ್ಲವೆಂದು ಭಾವ ಅದಕ್ಕೆ ಹಲಗೆ ಹೊಡೆಸಿದ್ದ. ಒಳಗೆ ಕೂತರೆ ಹೊರಗೆ ಮಳೆಯೋ ಬಿಸಿಲೋ ಗೊತ್ತಾಗುತ್ತಿರಲಿಲ್ಲ. ಭಾವ ಕೆಟ್ಟವನೇನಲ್ಲ. ಕೈ ಎತ್ತಿದವನಲ್ಲ, ಬಾಯಿ ಹೊಲಸು ಮಾಡಿಕೊಂಡವನಲ್ಲ. ಗೋಡೆಯಾಚೆ ಕೂತು ಬರೀ ಕೇಳುತ್ತಿದ್ದ. “ಆಯ್ತೇನಮ್ಮಾ?” ಕುರ್ಚಿ ಸರಿದ ಸದ್ದಾದರೆ, “ಎಲ್ಲಿಗಮ್ಮಾ?” ಫೋನ್ ಬಂದರೆ, “ಯಾರಮ್ಮಾ?” ಅಷ್ಟು ಮೆತ್ತಗಿನ ದನಿಗೆ ಎದುರಾಡುವುದು ಹೇಗೆಂದು ಅವಳಿಗೆ ತೋಚುತ್ತಲೇ ಇರಲಿಲ್ಲ. ಯಾರಿಗಾದರೂ ಹೇಳಿಕೊಂಡರೂ, “ಅಯ್ಯೋ, ಅಮ್ಮಾ ಅಂತಾನೇ ಕರೀತಾರಲ್ಲ!” ಎನ್ನುತ್ತಿದ್ದರೇನೋ.

ಪ್ರದರ್ಶನ ನಡೆಯುತ್ತಿದ್ದದ್ದು ಸ್ಟುಡಿಯೋದ ಮಹಡಿಯ ಮೇಲಿನ ಹಾಲ್‌ನಲ್ಲಿ. ಹಾಲ್ ಭಾವನದು, ಪ್ರೊಜೆಕ್ಟರ್ ಭಾವನದು, ಕುರ್ಚಿಗಳೂ ಅವನವೇ. “ನಿನ್ನ ಖುಷಿಗೆ ಮಾಡ್ಕೋಮ್ಮಾ, ಮನೆ ಮರ್ಯಾದೆ ನೋಡ್ಕೊಂಡು” ಎಂದಿದ್ದ.

ಆ ವರ್ಷ ಬಂದ ಚಿತ್ರಗಳಲ್ಲಿ ಒಂದು ಅವಳ ನಾದಿನಿಯದು. ಮದುವೆಯಾಗಿ ಪಕ್ಕದ ಬೀದಿಯಲ್ಲೇ ಇದ್ದ ನಾದಿನಿ ಅಣ್ಣಂದಿರ ಮನೆಗೆ ಬಂದಾಗಲೆಲ್ಲ ಅಂಗಡಿಯಲ್ಲಿ ಅತ್ತಿಗೆಯ ಎಡಿಟಿಂಗ್ ಕೋಣೆಗೂ ಬಂದು ಬಾಗಿಲಿಗೊರಗಿ ನಿಲ್ಲುತ್ತಿದ್ದಳು, ಕೈಯಲ್ಲಿ ಫೋನ್. ಯಾರಿಗೋ ಮೆಸೇಜ್ ಮಾಡುತ್ತಿದ್ದಾಳೆ ಎಂದುಕೊಂಡಿದ್ದಳು ಪರದೆಯಕ್ಕ. ಈಗ ಚಿತ್ರ ಹಾಕಿದರೆ, ಕತ್ತಲ ಕೋಣೆಯಲ್ಲಿ ಒಬ್ಬ ಹೆಂಗಸಿನ ಬೆನ್ನು. ಅದು ತನ್ನದೇ ಎಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ತನ್ನ ಬೆನ್ನನ್ನು ಯಾರು ತಾನೆ ನೋಡಿಕೊಂಡಿರುತ್ತಾರೆ? ಆ ಹೆಂಗಸು ಯಾವಳೋ ಮದುಮಗಳ ನಗುವನ್ನು ಹಿಂದಕ್ಕೆ ಮುಂದಕ್ಕೆ ಎಳೆದು ನೋಡುತ್ತಾ ತಾನೂ ಭುಜ ಕುಲುಕಿಸಿ ನಗುತ್ತಿದ್ದಾಳೆ. ಆಚೆಯಿಂದ “ಆಯ್ತೇನಮ್ಮಾ?” ಕೇಳುತ್ತದೆ. ಬೆನ್ನು ಸೆಟೆಯುತ್ತದೆ. ಬೇರೆ ದಿನ, ಬೇರೆ ಬಟ್ಟೆ, ಬೇರೆ ಮದುಮಗಳು; ಅದೇ ದನಿ, ಅದೇ ಸೆಟೆತ. ಭಾವ ಒಮ್ಮೆಯೂ ಕಾಣಿಸುವುದಿಲ್ಲ.

ಅವಳು ಚಿತ್ರ ನಿಲ್ಲಿಸಿ ತನ್ನ ಕುತ್ತಿಗೆಯ ಹಿಂಭಾಗವನ್ನು ಮುಟ್ಟಿ ನೋಡಿಕೊಂಡಳು. ಆಮೇಲೆ ಅಂಗಳಕ್ಕೆ ಹೋಗಿ ನಾದಿನಿಗೆ ಫೋನ್ ಮಾಡಿದಳು.

“ಚೆನ್ನಾಗಿದೆ ಕಣೇ. ಸೌಂಡ್ ಮಾತ್ರ ಸರಿ ಬಂದಿಲ್ಲ.”

“ಯಾವ ಸೌಂಡ್ ಅತ್ತಿಗೆ?”

“ಅದೇ, ಹಿಂದೆ ಏನೋ ಗಲಾಟೆ.”

“ಅದು ಗಲಾಟೆ ಅಲ್ಲ, ನಮ್ಮ ದೊಡ್ಡಣ್ಣ.”

“ಇದನ್ನ ತೋರಿಸಿದ್ರೆ ಹಾಲ್ ಹೋಗುತ್ತೆ. ಉಳಿದವರ ಚಿತ್ರ ಎಲ್ಲಿ ತೋರಿಸ್ಲಿ, ಹೇಳು?”

“ಇದ್ದದ್ದನ್ನ ಇದ್ದ ಹಾಗೆ ತೋರಿಸಿ ಅಂತ ಹೇಳ್ಕೊಟ್ಟೋರು ನೀವೇ.”

“ಹೇಳೋದು ಸುಲಭ.”

“ನಿಮಗೆ ಸರಿ ಕಂಡ ಹಾಗೆ ಮಾಡಿ. ನಿಮ್ಮ ಬೆನ್ನು ತಾನೇ.”

ಗಂಡನ ಕಿವಿಗೂ ಹಾಕಿದಳು. “ಅವಳಿಗೆ ಮೊದಲಿಂದ್ಲೂ ತಲೆಹರಟೆ. ನೀವಿಬ್ರೂ ಅಣ್ಣನ್ನ ಯಾಕೆ ಸುಮ್ನೆ ಎದುರು ಹಾಕ್ಕೋತೀರಾ?” ಎಂದವನು ಬ್ಯಾಟರಿಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟುಹೋದ.

ಬೇಡದ್ದನ್ನು ಕತ್ತರಿಸುವುದು ಅವಳ ನಿತ್ಯದ ಕೆಲಸ. ಬೀಗರ ಜಗಳ, ಮದುಮಗನ ಆಕಳಿಕೆ, ಎಷ್ಟೋ ತೆಗೆದಿದ್ದಳು. ಈಗ ಹೆಡ್‌ಫೋನ್ ಹಾಕಿಕೊಂಡು ಭಾವನ ದನಿಯನ್ನು ಒಂದೊಂದಾಗಿ ಕಿತ್ತಳು. ಆ ಜಾಗಕ್ಕೆ ಸಣ್ಣಗೆ ಸಂಗೀತ ಹಾಸಿದಳು. ನೋಡಿದರೆ, ಸೆಟೆದ ಬೆನ್ನು ಈಗ ಹುರುಪಿನಿಂದ ನೆಟ್ಟಗಾದಂತೆ ಕಾಣುತ್ತಿತ್ತು. ಕೆಲಸದಲ್ಲಿ ಮುಳುಗಿದ ಸಂತೋಷದ ಹೆಂಗಸು. ಒಂದು ಮಾತೂ ಸೇರಿಸದೆ ಹೀಗೂ ಸುಳ್ಳು ಹೇಳಬಹುದಲ್ಲ ಎಂದು ಅವಳಿಗೆ ದಿಗಿಲಾಯಿತು. ಅಷ್ಟರಲ್ಲಿ ಗೋಡೆಯಾಚೆಯಿಂದ ನಿಜವಾದ ದನಿಯೇ ಬಂತು: “ಆಯ್ತೇನಮ್ಮಾ?”

“ಆಗ್ತಾ ಬಂತು ಭಾವ” ಎಂದಳು.

ಪ್ರದರ್ಶನದ ದಿನ ಭಾವ ಮುಂದಿನ ಸಾಲಿನಲ್ಲೇ ಕೂತಿದ್ದ. ನಾದಿನಿಯ ಚಿತ್ರ ಮುಗಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವನು ಅವನೇ. “ನೋಡಿದ್ರಾ, ನಮ್ಮನೆ ಹೆಣ್ಮಗಳು ಎಷ್ಟು ಶ್ರದ್ಧೆಯಿಂದ ಕೆಲಸ ಮಾಡ್ತಾಳೆ! ತೆಗೆದೋಳೂ ನಮ್ಮ ತಂಗೀನೇ” ಎಂದು ಹಿಂದಕ್ಕೆ ತಿರುಗಿ ಹೇಳಿದ. ತಂಗಿ ಆಗಲೇ ಎದ್ದು ಮೆಟ್ಟಿಲಿಳಿಯುತ್ತಿದ್ದಳು. ಅತ್ತಿಗೆಯ ಕಡೆ ತಿರುಗಿಯೂ ನೋಡಲಿಲ್ಲ.

ಅಲ್ಲಿಗೇ ಮುಗಿಯಲಿಲ್ಲ. ಭಾವನಿಗೆ ಚಿತ್ರ ಎಷ್ಟು ಹಿಡಿಸಿತೆಂದರೆ, ಗಿರಾಕಿಗಳನ್ನು ಸೆಳೆಯಲೆಂದು ಅಂಗಡಿ ಮುಂದಿನ ಗಾಜಿನೊಳಗಿನ ಟಿವಿಯಲ್ಲಿ ಅದನ್ನೇ ಇಡೀ ದಿನ ಓಡಿಸತೊಡಗಿದ. ಅವಳು ಬೆಳಿಗ್ಗೆ ಬರುವಾಗ ತನ್ನ ಬೆನ್ನನ್ನು ದಾಟಿಕೊಂಡು ಬರಬೇಕು, ಸಂಜೆ ಹೋಗುವಾಗ ದಾಟಿಕೊಂಡು ಹೋಗಬೇಕು. ತರಕಾರಿ ಅಂಗಡಿಯವನೂ ಕೇಳಿದ, “ಟಿವಿಯಲ್ಲಿ ಬರೋರು ನೀವೇ ಅಲ್ವೇನಮ್ಮಾ?” ಮೊದಲು ಕೋಣೆಯಿಂದ ಹೊರಬಿದ್ದರೆ ಉಸಿರಾಡಬಹುದಿತ್ತು. ಈಗ ಕೋಣೆಯೇ ಬೀದಿಗೆ ಬಂದು ನಿಂತಿತ್ತು.

ಒಂದು ಮಧ್ಯಾಹ್ನ ಭಾವ ಊಟಕ್ಕೆ ಹೋದಾಗ ಅವಳು ಟಿವಿಯ ಪೆನ್‌ಡ್ರೈವ್ ಕಿತ್ತು, ನಾದಿನಿ ಕೊಟ್ಟಿದ್ದ ಮೂಲ ಚಿತ್ರವನ್ನೇ ಹಾಕಿ ಚುಚ್ಚಿದಳು. ಕೋಣೆಯ ಬಾಗಿಲಿನಿಂದ ನೋಡುತ್ತಾ ಕಾದಳು. ಭಾವ ಬಂದ, ಟಿವಿಯ ಮುಂದೆ ನಿಂತ, ಗಾಜಿನ ಮೇಲಿನ ಧೂಳು ಒರೆಸಿದ, ಒಳಗೆ ಬಂದು ಕೂತ. ಏನೂ ಆಗಲಿಲ್ಲ. ಆ ಟಿವಿಯ ಸದ್ದನ್ನು ಅವನು ಮೊದಲಿನಿಂದಲೂ ಬಂದ್ ಮಾಡಿಟ್ಟಿದ್ದ; ಮುಖ ತಿರುಗಿಸಿಕೊಂಡು ದಾಟುತ್ತಿದ್ದ ಅವಳು ಅದನ್ನು ಗಮನಿಸಿರಲೇ ಇಲ್ಲ. ನೋಡುವವರಿಗೆ ಎರಡೂ ಚಿತ್ರ ಒಂದೇ. ಕೋಣೆಯಲ್ಲಿ ಒಬ್ಬಳೇ ಕೂತು ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ಬರುತ್ತಿದ್ದದ್ದು ನಗುವೋ ಅಳುವೋ ಅವಳಿಗೇ ತಿಳಿಯಲಿಲ್ಲ.

ಸಂಜೆ ನೇರ ನಾದಿನಿಯ ಮನೆಗೆ ಹೋದಳು. ನಾದಿನಿ ಬಾಗಿಲು ತೆರೆದಳೇ ಹೊರತು ಒಳಗೆ ಬನ್ನಿ ಎನ್ನಲಿಲ್ಲ.

“ನಿನ್ನ ಚಿತ್ರ ನಾನೇ ಹಾಳು ಮಾಡಿದೆ. ಪೂರ್ತಿ ತೋರಿಸೋಣ. ನರ್ಸಮ್ಮಂಗೆ ಫೋನ್ ಮಾಡಿದ್ದೆ, ಅವರ ಮನೇಲಿ ಜಾಗ ಕೊಡ್ತೀನಿ ಅಂದಿದಾರೆ.”

“ದೊಡ್ಡಣ್ಣಂಗೆ ಗೊತ್ತಾದ್ರೆ?”

“ಗೊತ್ತಾಗುತ್ತೆ.”

ನಾದಿನಿ ಅವಳ ಮುಖವನ್ನೇ ನೋಡಿದಳು. ಆಮೇಲೆ ಬಾಗಿಲಿನಿಂದ ಪಕ್ಕಕ್ಕೆ ಸರಿದಳು.

ಭಾನುವಾರ ಮಧ್ಯಾಹ್ನ ನರ್ಸಮ್ಮನ ನಡುಮನೆಯಲ್ಲಿ ಹೆಂಗಸರೆಲ್ಲ ನೆಲದ ಮೇಲೆ ಒತ್ತಿಕೊಂಡು ಕೂತರು. ಮೊದಲ ಸಲ ಭಾವನ ದನಿ ಕೇಳಿದಾಗ ಕೆಲವರು ತಿರುಗಿ ಪರದೆಯಕ್ಕನನ್ನು ನೋಡಿದರು. ಎರಡನೆಯ ಸಲ ಯಾರೋ ನಿಟ್ಟುಸಿರಿಟ್ಟರು. ಮೂರನೆಯ ಸಲಕ್ಕೆ ಸೊಸೆಯ ಫೋನ್ ಕಿತ್ತುಕೊಂಡಿದ್ದ ಆ ಅತ್ತೆ ತಡೆಯಲಾರದೆ, “ಆಗಿಲ್ಲ ಹೋಗಯ್ಯಾ!” ಎಂದು ಕೂಗಿಬಿಟ್ಟಳು. ಮನೆಯೇ ಹಾರಿಹೋಗುವಂತೆ ನಕ್ಕರು. ಪರದೆಯಕ್ಕನೂ ನಕ್ಕಳು, ಕಣ್ಣು ಒರೆಸಿಕೊಂಡಳು. ಚಿತ್ರ ಮುಗಿದ ಮೇಲೆ ಕಂಡಕ್ಟರಮ್ಮ ಅವಳ ಪಕ್ಕ ಸರಿದು ಮೆಲ್ಲಗೆ ಹೇಳಿದಳು, “ನಮ್ಮನೇಲಿ ಗೇಟು ಸದ್ದಾದ್ರೆ ನನ್ನ ಬೆನ್ನೂ ಹೀಗೇ ಆಗುತ್ತೆ ಅಕ್ಕ. ಇವತ್ತೇ ಗೊತ್ತಾಗಿದ್ದು.”

ಭಾವನಿಗೆ ಸುದ್ದಿ ಮುಟ್ಟಿತು. ಅವನು ರೇಗಲಿಲ್ಲ. “ಮೇಲಿನ ಹಾಲ್ ಇನ್ಮೇಲೆ ಬೇರೆ ಕೆಲಸಕ್ಕೆ ಬೇಕಮ್ಮಾ” ಎಂದು ಬೀಗ ಹಾಕಿ ಕೀಲಿಯನ್ನು ಜೇಬಿಗಿಳಿಸಿದ. ಟಿವಿಯಲ್ಲಿ ಬೇರೆ ಯಾರದೋ ಮದುವೆ ಓಡತೊಡಗಿತು. ಗಂಡ ಕೆಲವು ದಿನ ಮಾತು ಬಿಟ್ಟ, ಆಮೇಲೆ ತಾನೇ ಮಾತಾಡಿದ. ಅವಳು ಇಂದಿಗೂ ಅದೇ ಕೋಣೆಯಲ್ಲಿ ಕೂತು ಮದುವೆಗಳನ್ನು ಜೋಡಿಸುತ್ತಾಳೆ. ಕೆಲಸ ಬಿಡುವ ಮಾತು ಎತ್ತಿಲ್ಲ. ಅವರಿರುವ ಮನೆಯೂ ಭಾವನದೇ.

ಪ್ರದರ್ಶನ ಈಗ ಯಾರ ಮನೆಯಲ್ಲಿ ಜಾಗ ಸಿಕ್ಕಿದರೆ ಅಲ್ಲಿ ನಡೆಯುತ್ತದೆ. ನಾದಿನಿ ಹೊಸ ಚಿತ್ರ ಶುರು ಮಾಡಿದ್ದಾಳೆ, ಈ ಸಲ ತನ್ನ ಅತ್ತೆ ಮನೆಯದೇ. ಅದನ್ನು ಜೋಡಿಸಲು ಪರದೆಯಕ್ಕ ಭಾನುವಾರಗಳಂದು ಅವಳ ಅಡುಗೆಮನೆಗೆ ಹೋಗಿ, ಒಲೆಯ ಪಕ್ಕದ ಕಟ್ಟೆಯ ಮೇಲೆ ಹಳೇ ಲ್ಯಾಪ್‌ಟಾಪ್ ಇಟ್ಟುಕೊಂಡು, ತೆರೆದ ಕಿಟಕಿಗೆ ಮುಖ ಮಾಡಿ ಕೂರುತ್ತಾಳೆ. ಹಲಗೆ ಹೊಡೆದ ಕೋಣೆಯಲ್ಲಿ ಕಳೆಯುವ ಸೋಮವಾರದಿಂದ ಶನಿವಾರದವರೆಗಿನ ದಿನಗಳು ಈಗ ಮೊದಲಿಗಿಂತ ಉದ್ದವಾಗಿವೆ ಎಂದು ಮೊನ್ನೆ ನರ್ಸಮ್ಮನ ಹತ್ತಿರ ಹೇಳಿಕೊಂಡಳಂತೆ.