ಚನ್ನಗಿರಿ ಸುತ್ತಲು ಸರಿಯಾದ ತಿಂಗಳು

ನಮ್ಮ ಯಜಮಾನರು ರಂಗನಾಥ್, ನಿವೃತ್ತ ಇತಿಹಾಸ ಉಪನ್ಯಾಸಕರು. ಜನರನ್ನು ನಡೆಸಿಕೊಂಡು ಹೋಗಿ ಚನ್ನಗಿರಿ ತೋರಿಸಬೇಕೆಂದು ತೀರ್ಮಾನಿಸಿ ನಾಲ್ಕು ವರ್ಷವಾಯಿತು. ಈ ನಾಲ್ಕು ವರ್ಷದಲ್ಲಿ ಅವರು ನಡೆದದ್ದು ಕುರ್ಚಿಯಿಂದ ಕ್ಯಾಲೆಂಡರಿನವರೆಗೆ.

ಊರು ಗೊತ್ತಿದ್ದದ್ದು ಅವರಿಗಲ್ಲ, ಲಕ್ಷ್ಮಕ್ಕನಿಗೆ. ಆಸ್ಪತ್ರೆಯಲ್ಲಿ ಆಯಾ ಆಗಿದ್ದಾಕೆ. ವರ್ಷಗಟ್ಟಲೆ ಪೋಲಿಯೊ ಹನಿಯ ಡಬ್ಬಿ ಹೊತ್ತು ಮನೆಮನೆ ಅಲೆದು, ಬಾಗಿಲುಗಳ ಮೇಲೆ ಸೀಮೆಸುಣ್ಣದ ಗುರುತು ಹಾಕಿದಾಕೆ. ಯಾರ ಜಗಳಕ್ಕೆ ಯಾವ ಬಾವಿ ಮುಚ್ಚಿತು, ಯಾವ ಬಾಗಿಲಿನ ಕೆತ್ತನೆ ಯಾರ ಕೈಯದ್ದು, ಎಲ್ಲ ನಾಲಿಗೆ ತುದಿಯಲ್ಲಿ. ಯಜಮಾನರು ಅದನ್ನೆಲ್ಲ ನೋಟ್ ಪುಸ್ತಕಕ್ಕೆ ಇಳಿಸಿಕೊಂಡು ‘ಸಂಶೋಧನೆ’ ಎಂದು ಹೆಸರಿಟ್ಟರು.

ಆಕೆಗೆ ಕಣ್ಣಿನ ನರ ಒಣಗುವ ಕಾಯಿಲೆ. ಹೋದ ನೋಟ ಮರಳುವುದಿಲ್ಲ, ಉಳಿದದ್ದೂ ಬಹಳ ದಿನ ಇರದು ಎಂದು ಡಾಕ್ಟರು ಹೇಳಿದ್ದರು.

“ಕಣ್ಣು ಹೋಗೋದ್ರೊಳಗೆ ಒಂದ್ಸಲ ಎಲ್ರಿಗೂ ತೋರಿಸ್ಬೇಕು ಸಾರ್. ಯಾವಾಗ ಇಟ್ಕಳಾಣ?”

“ಸೀಸನ್ ನೋಡ್ಬೇಕು ಲಕ್ಷ್ಮಕ್ಕ,” ಎಂದರು ನಮ್ಮ ಪಂಡಿತರು.

ನೋಡಿದರು. ಏಪ್ರಿಲ್‌ನಲ್ಲಿ ಬಿಸಿಲು. ಜೂನ್‌ನಲ್ಲಿ ಮಳೆ. ಆಷಾಢದಲ್ಲಿ ಶುಭಕಾರ್ಯ ಕೂಡದು. ಬೀದಿ ಸುತ್ತುವುದೂ ಇವರ ಲೆಕ್ಕದಲ್ಲಿ ಮದುವೆ, ಮುಂಜಿ. ಅಕ್ಟೋಬರಿನ ಹವೆ ಬಂಗಾರ, ಆದರೆ ಅಷ್ಟೊತ್ತಿಗೆ ಬೇಯಿಸಿದ ಅಡಿಕೆ ಮನೆ ಮುಂದೆಲ್ಲ ಒಣಗುತ್ತಿರುತ್ತದೆ. ಅದರ ಮೇಲೆ ಕಾಲಿಟ್ಟವರು ಮನೆಗೆ ನೆಟ್ಟಗೆ ಬರುವುದಿಲ್ಲ. ಬೇರೆ ಊರಿನ ಕಥೆ ಹೇಗೆಂದು ನೋಡಲು ಒಂದು ನವೆಂಬರಿನಲ್ಲಿ ಜಗಳೂರಿನ ಬಸ್ಸು ಹತ್ತಿದರು. ಅಲ್ಲಿ ಅರ್ಧ ರಸ್ತೆ ಮೆಕ್ಕೆಜೋಳದ್ದು. ಊರು ನೋಡಲು ಯಾವ ತಿಂಗಳು ಒಳ್ಳೆಯದೆಂದು ಜೋಳ ಹರಡುತ್ತಿದ್ದವನನ್ನು ಕೇಳಿದರಂತೆ.

“ಇದು ಒಣಗಿದ್ಮ್ಯಾಲೆ ಬರ್ರಿ. ಈಗ ಆ ಕಡೆ ಸರೀರಿ, ತುಳೀತೀರಿ!”

ಅಧ್ಯಯನ ಪ್ರವಾಸ ಅಲ್ಲಿಗೆ ಮುಗಿಯಿತು.

ಅಂತೂ ಈ ವರ್ಷ ಜನವರಿಯ ಕೊನೆಯ ಭಾನುವಾರ ಆಯ್ಕೆಯಾಯಿತು. ಎಳೆಬಿಸಿಲು, ಅಡಿಕೆ ಮೂಟೆ ಸೇರಿದೆ, ಪಂಚಾಂಗದ್ದೂ ತಕರಾರಿಲ್ಲ. ಹನ್ನೊಂದು ಜನ ಬಂದರು. ಲಕ್ಷ್ಮಕ್ಕನನ್ನು ಮಗಳು ಪುಷ್ಪಾ ಕೈ ಹಿಡಿದು ಕರೆತಂದಳು. ಎರಡು ವರ್ಷದಿಂದ ಆಕೆ ಮನೆಯಿಂದಾಚೆ ಬಂದಿರಲಿಲ್ಲ. ಅಳಿದುಳಿದ ನೋಟವೂ ಕಳೆದ ದೀಪಾವಳಿಗೆ ಹೋಗಿತ್ತು.

“ಎಂಥಾ ಟೈಮ್ ಆರಿಸೀನಿ ನೋಡ್ರಿ ಲಕ್ಷ್ಮಕ್ಕ,” ಎಂದರು ಇವರು, ಏನಾದರೂ ಹೇಳಬೇಕಲ್ಲ ಎಂದು.

“ನಂಗೀಗ ಎಲ್ಲಾ ತಿಂಗ್ಳೂ ಒಂದೇ ಸಾರ್,” ಎಂದು ಆಕೆ ನಕ್ಕಳು. ನನಗೆ ಗಂಡನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಕೋಟೆಯ ಹತ್ತಿರದ ಬೀದಿಯಲ್ಲಿ ಲಕ್ಷ್ಮಕ್ಕ ಹೆಜ್ಜೆ ಎಣಿಸುತ್ತ ನಡೆದಳು. ಒಂದು ಕಡೆ ನಿಂತು ಕೈ ಎತ್ತಿ ತೋರಿಸಿದಳು.

“ಇಲ್ನೋಡ್ರಿ, ಬಾಗ್ಲ ಮ್ಯಾಲೆ ಜೋಡಿ ನವಿಲು. ಇಂಥಾ ಕೆಲ್ಸ ಮಾಡಾಕೆ ಈಗ ಯಾರಿಗೂ ಬರಲ್ಲ.”

ಎದುರಿಗಿದ್ದದ್ದು ಮೊಬೈಲ್ ಅಂಗಡಿಯ ಷಟರ್. ಹಳೇ ಮನೆಯನ್ನು ಹೋದ ವರ್ಷವೇ ಕೆಡವಿದ್ದರು. ಹನ್ನೊಂದು ಜನವೂ ನಮ್ಮ ಯಜಮಾನರ ಮುಖ ನೋಡಿದರು.

“ನವಿಲು ಕಾಣ್ತಾವಲ್ರೀ ಸಾರ್?”

ಇವರು ನೋಟ್ ಪುಸ್ತಕ ಮುಚ್ಚಿದರು. “ಕಾಣ್ತಾವೆ ಲಕ್ಷ್ಮಕ್ಕ. ಹಂಗೇ ಅದಾವೆ.”

ಮದುವೆಯಾದಾಗಿನಿಂದ ಇವರ ಒಂದೊಂದು ಸುಳ್ಳಿಗೂ ಜಗಳ ತೆಗೆದವಳು ನಾನು. ಅವತ್ತು “ಬಣ್ಣ ಮಾತ್ರ ಸ್ವಲ್ಪ ಮಾಸೈತೆ” ಎಂದು ನನ್ನದೂ ಒಂದು ಸೇರಿಸಿದೆ.